ಪುನಃ ಜನ್ಮಸ್ಥಾನಕ್ಕೆ

ಮೊನ್ನೆ ಸಂಜೆ ಮಲ್ಪೆಯ ಹೋಟೆಲೊಂದರಲ್ಲಿ ಗೋಳಿಬಜೆ ತಿನ್ನುತ್ತಿದ್ದೆ. ಪಕ್ಕದ ಟೇಬಲಿನವರು ನಮ್ಮ ಓಣಿಯ ಹುಡುಗನ ಸುದ್ದಿ ತೆಗೆದರು. "ಅವ ಪುನಃ ಜನ್ಮಸ್ಥಾನಕ್ಕೆ ಹೋದ ಮಾರಾಯ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಜೈಲಿಗೆ ನಮ್ಮಲ್ಲಿ ಎರಡು ತಮಾಷೆಯ ಹೆಸರು: ಕೃಷ್ಣ ಜನ್ಮಸ್ಥಾನ, ಮಾವನ ಮನೆ. ಕೃಷ್ಣ ಹುಟ್ಟಿದ್ದು ಸೆರೆಮನೆಯಲ್ಲಿ, ಅದರ ಯಜಮಾನ ಸೋದರಮಾವ ಕಂಸ. ಹಾಗೆ ನೋಡಿದರೆ ಎರಡೂ ಒಂದೇ ವಿಳಾಸ! (ಮಾವನ ಮನೆ ಅಂದರೆ ಹೆಂಡತಿಯ ತವರು, ಕೂತಲ್ಲಿಗೆ ಊಟ ಬರುವ ಜಾಗ ಅಂತಲೇ ಹೆಚ್ಚಿನವರ ಲೆಕ್ಕ. ಕಂಸನನ್ನು ಎಳೆದು ತಂದದ್ದು ನಾನು.)

ಪುನಃ ಪುನಃ ಹೋಗುವವನಿಗೆ ಇಂಗ್ಲಿಷಿನಲ್ಲಿ ರೆಸಿಡಿವಿಸ್ಟ್ ಅನ್ನುತ್ತಾರೆ. ಮೂಲ ಲ್ಯಾಟಿನ್. 'ರೆ' ಅಂದರೆ ಹಿಂದಕ್ಕೆ, 'ಕಾಡೆರೆ' ಅಂದರೆ ಬೀಳು. ಎದ್ದವನು ಮತ್ತೆ ಬಿದ್ದ ಅಂತ. ಜೈಲಿಗೆ ಅಂಟಿಕೊಂಡದ್ದು ಆಮೇಲೆ. ರೋಮಿನ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಬಿಟ್ಟು ಮತ್ತೆ ಬರುವ ಜ್ವರಕ್ಕೆ ಈ ಪದ ಬಳಸಿದ್ದ. ನಮ್ಮಲ್ಲೂ ಜ್ವರ ಮರುಕಳಿಸುತ್ತದೆ. ಆಗ ಅಮ್ಮ ನಗುವುದಿಲ್ಲ. ಮದ್ದು ಪೂರ್ತಿ ತಗೊಂಡಿದ್ಯಾ, ಮಳೆಗೆ ನೆನೆದ್ಯಾ ಅಂತ ವಿಚಾರಿಸುತ್ತಾಳೆ.

ಈ ಹುಡುಗನನ್ನು ಯಾರು ವಿಚಾರಿಸಿದರು? ಹೊಡೆದಾಟದ ಕೇಸು. ಜಾಮೀನಿನಲ್ಲಿ ಹೊರಗಿದ್ದ. ಆಳಸಮುದ್ರದ ಬೋಟಿಗೆ ಹೋದರೆ ಎಂಟು ಹತ್ತು ದಿನ ದಡ ಕಾಣುವ ಹಾಗಿಲ್ಲ. ಎರಡು ಸಲ ಕೋರ್ಟಿನ ಡೇಟ್ ತಪ್ಪಿತು. ವಾರಂಟ್ ಆಯಿತು. ಪಾಲಿನ ಹಣ ಕೈಗೆ ಸಿಗುವ ಮೊದಲೇ ಜೀಪು ಹತ್ತಿದ. ಕಾಲಲ್ಲಿ ಬಂದರಿನ ಕೆಸರು ಹಾಗೇ ಇತ್ತಂತೆ. ವಕೀಲರಿಗೆ ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಅದು ಅವನದೇ ತಪ್ಪು. ಆದರೆ ಹೊಸ ಅಪರಾಧ ಎಲ್ಲಿದೆ? ಹಳೆಯದೇ ಇನ್ನೂ ತೀರ್ಮಾನ ಆಗಿಲ್ಲ.

ಇವನಿಗೆ ಹೊಂದುವ ಪದ ರಿಮ್ಯಾಂಡ್, ಅಂದರೆ ತೀರ್ಪಿಗೆ ಮೊದಲೇ ಕೋರ್ಟು ಕಸ್ಟಡಿಗೆ ಕಳಿಸುವುದು. ಅದೂ ಲ್ಯಾಟಿನ್ನಿಂದ ಬಂದದ್ದೇ, ಅರ್ಥ ವಾಪಸ್ ಕಳಿಸು. ಬೀಳುವವನು ತಾನೇ ಬೀಳುತ್ತಾನೆ. ಇಲ್ಲಿ ಕಳಿಸಿದವರು ಬೇರೆ.

ಕಾನೂನಿಗೂ ಈ ವ್ಯತ್ಯಾಸ ಗೊತ್ತಿದೆ. ಕೆಲವು ಅಪರಾಧ ಮತ್ತೆ ಮಾಡಿದವನಿಗೆ ಜಾಸ್ತಿ ಶಿಕ್ಷೆ ಕೊಡಲು ಹಳೆಯ ದಂಡಸಂಹಿತೆ ಐಪಿಸಿಯಲ್ಲಿ 75ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಅದು ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನ 13ನೇ ಸೆಕ್ಷನ್. ಅದು ತಾಗಬೇಕಾದರೆ ಮೊದಲಿನ ಕೇಸಿನಲ್ಲಿ ಅಪರಾಧಿ ಅಂತ ತೀರ್ಪು ಬಂದಿರಬೇಕು. ಸುಮ್ನೆ ಒಳಗಿದ್ದು ಬಂದದ್ದು ಲೆಕ್ಕಕ್ಕಿಲ್ಲ. ಹೋಟೆಲಿನ ಟೇಬಲಿನಲ್ಲಿ ಮಾತ್ರ ಎಲ್ಲ ಒಂದೇ, ಅಲ್ವಾ?

ಇಷ್ಟನ್ನೂ ಅಲ್ಲೇ ಹೇಳೋಣ ಅಂತ ಚಾ ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಅವರ ಮಾತು ಬಂಗುಡೆ ರೇಟಿಗೆ ಹೋಗಿತ್ತು.