ಸೈಕ್ಲೋನ್ ಟೇಲರ್ ಕಥೆ ಹೇಳುವುದಾದರೆ ಪೂರ್ತಿ ಹೇಳಿ

ಈಗಷ್ಟೇ ಸೈಕ್ಲೋನ್ ಟೇಲರ್ ಬಗ್ಗೆ ಒಂದು ವಿಡಿಯೋ ನೋಡಿ ಮುಗಿಸಿದೆ. ತಲೆ ಬಿಸಿಯಾಗಿದೆ. ಐಸ್ ಹಾಕಿಯ ಮೊದಲ ದೊಡ್ಡ ಸ್ಟಾರ್ ಅಂತ ಹೊಗಳಿದ್ದೇ ಹೊಗಳಿದ್ದು. ಆಮೇಲೆ 'ಜೊತೆಗೆ ಸರ್ಕಾರಿ ಕೆಲಸದಲ್ಲೂ ಇದ್ದರು' ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟರು. ಯಾವ ಕೆಲಸ, ಯಾವ ಇಲಾಖೆ? ಒಂದು ಮಾತಿಲ್ಲ.

ವಲಸೆ ಇಲಾಖೆ ಕಣ್ರೀ! 1914ರಲ್ಲಿ ಕೊಮಗಾಟ ಮಾರು ಹಡಗು ಕೆನಡಾದ ವ್ಯಾಂಕೂವರ್‌ಗೆ ಬಂದಾಗ ಅದನ್ನು ಮೊದಲು ಹತ್ತಿದ ಅಧಿಕಾರಿ ಇದೇ ಟೇಲರ್ ಅನ್ನುತ್ತಾರೆ. ಹಡಗಿನಲ್ಲಿದ್ದದ್ದು ನಮ್ಮ ದೇಶದ 376 ಜನ. ಹೆಚ್ಚಿನವರು ಪಂಜಾಬಿನ ಸಿಖ್ಖರು.

ಈ ವ್ಯಾಂಕೂವರ್‌ಗೆ ಬಂದ ಮೇಲೆ ನನಗೆ ಹಾಕಿ ಹುಚ್ಚು ಹಿಡಿದದ್ದು ನಿಮಗೆಲ್ಲ ಗೊತ್ತು. ಟೇಲರ್ ಆಟದ ಬಗ್ಗೆ ನನ್ನ ತಕರಾರೇ ಇಲ್ಲ. ಒಂಟಾರಿಯೋದ ತಾರಾ ಅನ್ನೋ ಪುಟ್ಟ ಊರಿನ ಹುಡುಗ. ದುಡ್ಡಿಗೆ ಆಡುವವರನ್ನು ಕೆನಡಾದಲ್ಲಿ ಕೀಳಾಗಿ ನೋಡುತ್ತಿದ್ದ ಕಾಲ. ಅವನು ಅಮೆರಿಕದ ಗಣಿ ಊರು ಹೋಟನ್‌ಗೆ ಹೋಗಿ ಸಂಬಳಕ್ಕೆ ಆಡಿದ. 1909-10ರಲ್ಲಿ ರೆನ್‌ಫ್ರೂ ತಂಡ ಅವನಿಗೆ 5,250 ಡಾಲರ್ ಕೊಟ್ಟಿತು. ಅದೂ 12 ಪಂದ್ಯದ ಸೀಸನ್‌ಗೆ! ವ್ಯಾಂಕೂವರ್ ಮಿಲಿಯನೇರ್ಸ್ ತಂಡದಲ್ಲಿ ಅವನು ರೋವರ್. ಆಗ ಒಂದು ಕಡೆಗೆ ಏಳು ಜನ. ಆರು ಜನಕ್ಕೆ ಒಂದೊಂದು ಜಾಗ, ರೋವರ್‌ಗೆ ಮಾತ್ರ ಇಡೀ ಐಸ್ ಅಂಗಣ. 1917-18ರಲ್ಲಿ 18 ಪಂದ್ಯಕ್ಕೆ 32 ಗೋಲ್ ಹೊಡೆದ. ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಾ ಗೋಲ್ ಹೊಡೆದ ಅನ್ನೋ ಕಥೆಯ ಬಗ್ಗೆ ಇವತ್ತಿಗೂ ವಾದ ನಡೆಯುತ್ತದೆ. ಈ ವಿಡಿಯೋದಲ್ಲೂ ಆ ಒಂದು ಗೋಲ್ ಬಗ್ಗೆ ಎಷ್ಟು ಮಾತು! ಹಡಗಿನ ಬಗ್ಗೆ ಮಾತ್ರ ಮೌನ.

ಆ ಕೆಲಸ ಅವನ ವೃತ್ತಿಗೆ ಹೊರಗಿನದಲ್ಲ. 1907ರಲ್ಲಿ ಒಟ್ಟಾವಾ ತಂಡ ಅವನನ್ನು ಕರೆಸಿಕೊಂಡಾಗ ಆಟದ ಜೊತೆಗೆ ವಲಸೆ ಇಲಾಖೆಯ ನೌಕರಿಯೂ ಸಿಕ್ಕಿತು. ಹಾಕಿ ಚಳಿಗಾಲಕ್ಕೆ ಮಾತ್ರ. ಉಳಿದ ತಿಂಗಳು ಹೊಟ್ಟೆಗೆ ಬೇಕಲ್ವಾ? ಆ ಕಾಲದ ವೃತ್ತಿಪರ ಆಟಗಾರನ ಬದುಕು ನಿಂತಿದ್ದದ್ದೇ ಈ ಎರಡು ಕಾಲಿನ ಮೇಲೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಗೆ ಹೇಳುತ್ತೀರಿ?

'ಅವನು ಬರೀ ನೌಕರ, ಕಾನೂನು ಮಾಡಿದ್ದು ಬೇರೆಯವರು' ಅಂತ ಕೆಲವರು ಹೇಳುತ್ತಾರೆ. ಸರಿ. ವಲಸೆ ಬರುವವರು ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬರಬೇಕು ಅನ್ನೋ ನಿಯಮ ಮಾಡಿದ್ದು ಸರ್ಕಾರ. ಭಾರತದಿಂದ ಅಂಥ ನೇರ ಹಡಗು ಇಲ್ಲ ಅಂತ ಗೊತ್ತಿದ್ದೇ ಮಾಡಿದ್ದು. ಕೊಮಗಾಟ ಮಾರುವನ್ನು ತಡೆದದ್ದೂ ಅದೇ ನಿಯಮ ಹೇಳಿ. ಆದರೆ ನಾನೇನು ಟೇಲರ್‌ನನ್ನು ಕಟಕಟೆಗೆ ಹತ್ತಿಸಿ ಅಂದೆನಾ? ನಡೆದದ್ದನ್ನು ಹೇಳಿ ಅಂದೆ, ಅಷ್ಟೆ. ಅದೇ ಇಲಾಖೆಯ ಸೇವೆಗೆ 1946ರಲ್ಲಿ ಅವನಿಗೆ ಓಬಿಇ ಅನ್ನೋ ಬ್ರಿಟಿಷ್ ಗೌರವ ಬಂತು. ಅದನ್ನು ಮಾತ್ರ ಹೆಮ್ಮೆಯಿಂದ ಹೇಳುತ್ತಾರೆ.

ಆ ಹಡಗಿನಲ್ಲಿ ಬಂದವರಲ್ಲಿ, ಮೊದಲೇ ಇಲ್ಲಿ ನೆಲೆಸಿದ್ದ ಕೆಲವರನ್ನು ಬಿಟ್ಟರೆ ಯಾರನ್ನೂ ಒಳಗೆ ಬಿಡಲಿಲ್ಲ. ಎರಡು ತಿಂಗಳು ದಡ ಕಣ್ಣೆದುರಿಗೇ ಇತ್ತು. ಕುಡಿಯುವ ನೀರಿಗೂ ಪರದಾಟ. ಜುಲೈ 23ಕ್ಕೆ ಯುದ್ಧನೌಕೆಯ ಕಾವಲಿನಲ್ಲಿ ಹಡಗನ್ನು ವಾಪಸ್ ಅಟ್ಟಿದರು. ಕಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಅಲ್ಲಿನ ಬ್ರಿಟಿಷ್ ಸರ್ಕಾರದವರು ಗುಂಡು ಹಾರಿಸಿದರು, ಸುಮಾರು 20 ಜನ ಸತ್ತರು. ಮುಂದಿನ ಮಾರ್ಚ್‌ನಲ್ಲಿ ಟೇಲರ್ ತಂಡ ವ್ಯಾಂಕೂವರ್‌ನ ಡೆನ್‌ಮನ್ ಅರೇನಾದಲ್ಲಿ ಹಾಕಿಯ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಹಡಗು ನಿಂತಿದ್ದ ಅದೇ ನೀರಿನ ದಂಡೆಯಲ್ಲಿತ್ತು ಆ ಅರೇನಾ.

ನಾನು ಈ ದೇಶಕ್ಕೆ ಬಂದಿಳಿದಾಗ ವಲಸೆ ಅಧಿಕಾರಿ ನನ್ನ ಪಾಸ್‌ಪೋರ್ಟ್ ಹಿಡಿದುಕೊಂಡು ಸುಮ್ನೆ ನನ್ನ ಮುಖ ನೋಡುತ್ತಾ ನಿಂತಿದ್ದರು. ಕೈಕಾಲು ತಣ್ಣಗಾಗಿತ್ತು. ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ. ಅದಕ್ಕೇ ಇರಬೇಕು, ಆ ಒಂದು ಸಾಲು ಇಷ್ಟು ಚುಚ್ಚಿದ್ದು.

ವ್ಯಾಂಕೂವರ್‌ನ ಈಗಿನ ಹಾಕಿ ತಂಡ ಕ್ಯಾನಕ್ಸ್ ತನ್ನ ವರ್ಷದ ಶ್ರೇಷ್ಠ ಆಟಗಾರನಿಗೆ ಸೈಕ್ಲೋನ್ ಟೇಲರ್ ಟ್ರೋಫಿ ಕೊಡುತ್ತದೆ. ಕೊಡಲಿ, ಹೆಸರು ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ಆದರೆ ಇಲ್ಲಿರುವ ಕನ್ನಡದವರು ಮಕ್ಕಳನ್ನು ಮ್ಯಾಚಿಗೆ ಕರೆದುಕೊಂಡು ಹೋಗುತ್ತೀರಲ್ಲ, ಒಮ್ಮೆ ಕೋಲ್ ಹಾರ್ಬರ್‌ನ ಕೊಮಗಾಟ ಮಾರು ಸ್ಮಾರಕಕ್ಕೂ ಕರೆದುಕೊಂಡು ಹೋಗಿ. ಅಲ್ಲಿ ಪ್ರಯಾಣಿಕರ ಹೆಸರುಗಳಿವೆ, ಓದಿಸಿ. ಟೇಲರ್ ಯಾರು ಅಂತ ಮಕ್ಕಳು ಕೇಳಿದರೆ 32 ಗೋಲನ್ನೂ ಹೇಳಿ, ಹಡಗನ್ನೂ ಹೇಳಿ.