ವಡೆಯ ವಿಶೇಷ ಪರಿಷ್ಕರಣೆ

2022ರ ಮಾರ್ಚಿನಲ್ಲಿ ಮುಂಬಯಿಯ ಮಾಟುಂಗಾದ ನಮ್ಮ ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ಒಂದು ಚೀಟಿ ಅಂಟಿಕೊಂಡಿತು: 'ದರ ಪರಿಷ್ಕರಿಸಲಾಗಿದೆ.' ವಡೆಗೆ ಐದು ರೂಪಾಯಿ ಜಾಸ್ತಿ.

"ಬೆಲೆ ಏರಿಸಿದಿರಾ ಶೆಟ್ಟರೇ?"

"ಛೆ, ಏರಿಸುವುದುಂಟೇ! ಪರಿಷ್ಕರಿಸಿದ್ದು ಮಾರಾಯರೇ."

ಅವರನ್ನು ಬಯ್ದು ಫಲವಿಲ್ಲ. ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಸಿಂಹಪಾಲು ಉಕ್ರೇನಿನದು. ಅಲ್ಲಿಯ ಬಂದರುಗಳು ಮುಚ್ಚಿದ್ದೇ ತಡ, ಇಲ್ಲಿ ಬಾಣಲೆ ಬಿಸಿಯಾಯಿತು. ಪದಗಳ ವಿಷಯದಲ್ಲಂತೂ ಶೆಟ್ಟರ ಗುರು ದೊಡ್ಡವರು. ಫೆಬ್ರವರಿ 24ರಂದು ಪುಟಿನ್ ಸಾಹೇಬರು ಲಕ್ಷಕ್ಕೂ ಮಿಕ್ಕಿದ ಸೈನ್ಯವನ್ನು ನೆರೆಮನೆಗೆ ನುಗ್ಗಿಸಿ, ಅದಕ್ಕೆ 'ವಿಶೇಷ ಸೇನಾ ಕಾರ್ಯಾಚರಣೆ' ಎಂದು ಹೆಸರಿಟ್ಟರು. ಎಂಟೇ ದಿನದಲ್ಲಿ ಕಾನೂನೂ ಬಂತು: ಸೇನೆಯ ಬಗ್ಗೆ 'ಸುಳ್ಳು' ಹಬ್ಬಿಸಿದರೆ 15 ವರ್ಷದವರೆಗೆ ಜೈಲು. ಯುದ್ಧವನ್ನು ಯುದ್ಧ ಎಂದರೂ ಅದು ಸುಳ್ಳಿನ ಖಾತೆಗೇ ಜಮಾ. ಪ್ರತಿಭಟಿಸಲು ಖಾಲಿ ಹಾಳೆ ಹಿಡಿದು ನಿಂತವರನ್ನೂ ಅಲ್ಲಿಯ ಪೊಲೀಸರು ಎತ್ತಿಕೊಂಡು ಹೋದರು. ಬರೆಯದ ಅಕ್ಷರ ಓದುವಷ್ಟು ಸಾಕ್ಷರತೆ ನಮ್ಮ ಠಾಣೆಗಳಿಗೆ ಇನ್ನೂ ಬಂದಿಲ್ಲ. (ಅಮೆರಿಕದವರು ನಗುವ ಹಾಗಿಲ್ಲ. 2003ರಲ್ಲಿ ಇರಾಕಿನ ಮೇಲೆ ಬಾಂಬು ಸುರಿದು ಅವರಿಟ್ಟ ಹೆಸರು 'ಇರಾಕಿ ಸ್ವಾತಂತ್ರ್ಯ'.)

ಕೀವ್ ನಗರದತ್ತ ಹೊರಟ ರಷ್ಯಾದ ವಾಹನಗಳ ಸಾಲು 64 ಕಿಲೋಮೀಟರ್ ಇತ್ತು. ಅಂದರೆ ಚರ್ಚ್‌ಗೇಟಿನಲ್ಲಿ ಬಾಲ, ವಿರಾರಿನ ಆಚೆ ತಲೆ. ಆದರೆ ಮಳೆಗಾಲದ ವಿರಾರ್ ಲೋಕಲ್ಲಿಗಿರುವ ಗತಿಯೂ ಅದಕ್ಕಿರಲಿಲ್ಲ, ಡೀಸೆಲ್ಲಿಗೂ ಪರದಾಡಿತು. ಇತ್ತ ಉಕ್ರೇನಿನ ರಸ್ತೆ ಇಲಾಖೆ ಊರ ಹೆಸರಿನ ಫಲಕಗಳನ್ನೆಲ್ಲ ಕಿತ್ತು ಹಾಕಿ ಎಂದು ಜನರಿಗೆ ಕರೆ ಕೊಟ್ಟಿತು. ರಷ್ಯಾದವರು ಕೆಸರಿನಲ್ಲಿ ಬಿಟ್ಟುಹೋದ ಸೇನಾ ವಾಹನಗಳಿಗೆ ರೈತರು ಸರಪಳಿ ಬಿಗಿದು ಟ್ರ್ಯಾಕ್ಟರಿನಲ್ಲಿ ಎಳೆದುಕೊಂಡು ಹೋದರು, ದೊಡ್ಡಿಗೆ ಎಮ್ಮೆ ಹೊಡೆದ ಹಾಗೆ. ಆಮೇಲೆ ಅಲ್ಲಿಯ ಭ್ರಷ್ಟಾಚಾರ ತಡೆ ಸಂಸ್ಥೆ ಗಂಭೀರವಾಗಿ ಸ್ಪಷ್ಟಪಡಿಸಿತು: ವಶಪಡಿಸಿಕೊಂಡ ಟ್ಯಾಂಕನ್ನು ಆಸ್ತಿ ವಿವರದಲ್ಲಿ ತೋರಿಸಬೇಕಾಗಿಲ್ಲ. ಇದನ್ನು ಕೇಳಿ ಮೂರನೇ ಮೇಜಿನ ಲೆಕ್ಕಪರಿಶೋಧಕರ ಕಣ್ಣು ತೇವವಾಯಿತು. "ನಮ್ಮಲ್ಲಾದರೆ ಹೆಂಡತಿಯ ತವರಿನ ಬಳೆಗೂ ರಸೀದಿ ಕೇಳುತ್ತಾರೆ" ಎಂದು ನಿಟ್ಟುಸಿರಿಟ್ಟರು.

ನನಗೆ ಹೆಚ್ಚು ಹಿಡಿಸಿದ್ದು ರಷ್ಯಾದೊಳಗಿನ ತ್ಯುಮೆನ್ ಎಂಬ ಊರಿನ ಹೆಂಗಸು. 'ಬೇಡ' ಎಂದು ನೆಲದ ಮೇಲೆ ಬರೆದು, ಏನು ಬೇಡವೋ ಆ ಪದದ ನಡುವಣ ಅಕ್ಷರಗಳ ಬದಲು ಚುಕ್ಕಿ ಇಟ್ಟಿದ್ದಳು. ಪೊಲೀಸರು 'ಯುದ್ಧ' ಎಂದು ಓದಿಕೊಂಡರು. ತನಗೆ ವೋಬ್ಲಾ ಮೀನು ಕಂಡರಾಗದು, ಬರೆದದ್ದು ಅದನ್ನೇ ಎಂದು ಆಕೆ ವಾದಿಸಿದಳು (ಅವಳು ಬರೆದ ರೀತಿಯಲ್ಲಿ ರಷ್ಯನ್ ಭಾಷೆಯ ಆ ಎರಡೂ ಪದಗಳ ಮೊದಲ, ಕೊನೆಯ ಅಕ್ಷರ ಒಂದೇ). ಮೊದಲ ನ್ಯಾಯಾಧೀಶರು ಒಪ್ಪಿ ಬಿಟ್ಟೂಬಿಟ್ಟರು!

ಈ ಕಥೆಯನ್ನು ಗಲ್ಲಾದ ಮುಂದೆ ನಿಂತು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಶೆಟ್ಟರು ಗಾಬರಿಯಿಂದ 'ಶುದ್ಧ ಸಸ್ಯಾಹಾರಿ' ಫಲಕವನ್ನೊಮ್ಮೆ, ಸಾಂಬಾರಿಗೆ ಕಾದು ಕೂತ ಗಿರಾಕಿಗಳನ್ನೊಮ್ಮೆ ನೋಡಿದರು.

"ಮೆಲ್ಲಗೆ ಮಾರಾಯರೇ, ಇಲ್ಲಿ ಮೀನು ಎನ್ನುವ ಹಾಗಿಲ್ಲ. ಯುದ್ಧ ಎಂದೇ ಹೇಳಿ."