ಫೋಟೋಕ್ಕೆ 26, ನೀರಿಗೆ 9

ಎರಡು ವರ್ಷದ ಹಿಂದೆ, ಸೆಪ್ಟೆಂಬರ್‌ನಲ್ಲಿ, ನಮ್ಮ ಆಫೀಸಿನ ಹಿಂದಿನ ಬಯಲಲ್ಲಿ ಒಣಗಿ ನಿಂತಿದ್ದ ಒಂದು ಬೇವಿನ ಸಸಿಯನ್ನು ಸುಮ್ನೆ ಹಿಡಿದು ಎಳೆದೆ. ಪೂರ್ತಿ ಕಿತ್ತು ಬಂತು. ಬೇರಿನ ಜೊತೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲವೂ ಬಂತು. ಜೂನ್ 5ಕ್ಕೆ ನಾವೇ ನೆಟ್ಟ ಗಿಡ ಅದು, ಚೀಲ ಹರಿಯದೇ ಹಾಗೇ ಗುಂಡಿಗೆ ಇಳಿಸಿದ್ದೆವು! ಆ ಒಂದು ಸಸಿಗೆ ಏಳು ಜನ ಕೈ ಹಚ್ಚಿದ್ದೆವು, ಫೋಟೋ ನನ್ನ ಫೋನಿನಲ್ಲಿ ಇನ್ನೂ ಇದೆ, ಏಳು ಜನರಲ್ಲಿ ಒಬ್ಬರೂ ಕೆಳಗೆ ನೋಡಿಲ್ಲ, ಎಲ್ಲರ ಮುಖ ಕ್ಯಾಮೆರಾ ಕಡೆ. ಹಿಂದೆ ಬ್ಯಾನರು: 'ಪ್ಲಾಸ್ಟಿಕ್ ಬಿಡಿ, ಪರಿಸರ ಉಳಿಸಿ.' ಬ್ಯಾನರ್ ಯಾವುದರದ್ದು ಅಂತೀರಿ? ಫ್ಲೆಕ್ಸು.

ಅವತ್ತಿನಿಂದ ಈ ಪರಿಸರ ದಿನಾಚರಣೆ, ದೀಪ ಆರಿಸೋದು, ಬಟ್ಟೆ ಚೀಲ ಹಂಚೋದು, ಇವುಗಳಿಂದ ಏನಾದರೂ ಆಗುತ್ತಾ ಅನ್ನೋ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ.

ಮೊದಲು ಆ ಜೂನ್ 5ರ ಕಥೆ ನೋಡಿ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಶುರುವಾಗಿದ್ದು ಆ ದಿನ, ಮರುವರ್ಷದಿಂದ ಆಚರಣೆ. ಸರಿ. ಆದರೆ ವಿಜಯಪುರದ ಎರೆ ಭೂಮಿಗೂ ಸ್ಟಾಕ್‌ಹೋಮಿನ ಕ್ಯಾಲೆಂಡರಿಗೂ ಏನು ನಂಟು? ನಮ್ಮಲ್ಲಿ ಜೂನ್ ಮೊದಲ ವಾರ ನೆಲ ಇನ್ನೂ ಬಿರುಕು ಬಿಟ್ಟಿರುತ್ತದೆ, ಕೈ ಹೋಗುವಷ್ಟು ಅಗಲ. ಎರಡು ಮಳೆ ಬಂದು ಮಾಯವಾದರೆ ಮುಂದೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಜಿಲ್ಲೆಗೆ ವರ್ಷದ ಜೋರು ಮಳೆ ಸೆಪ್ಟೆಂಬರ್‌ನಲ್ಲಿ, ಅದಕ್ಕೇ ಅಲ್ವಾ ಬಿಳಿಜೋಳವನ್ನು ಹಿಂಗಾರಿಗೆ ಬಿತ್ತೋದು? ಇದು ಗೊತ್ತಿರುವ ರೈತರ ಮಕ್ಕಳೇ ನಾವು ಆಫೀಸಿನಲ್ಲಿ ಅರ್ಧಕ್ಕರ್ಧ. ಆದರೂ ಜೂನ್ 5ಕ್ಕೇ ಗುಂಡಿ ತೋಡಿದೆವು. ಆಮೇಲೆ ನಾನು ಮೀಟಿಂಗಿನಲ್ಲಿ 'ಮುಂದಿನ ಸಲ ಸೆಪ್ಟೆಂಬರ್‌ನಲ್ಲಿ ನೆಡೋಣ' ಅಂದೆ. ಒಬ್ಬರು ನಿಜವಾಗಿಯೂ ಕೇಳಿದರು: "ಸೆಪ್ಟೆಂಬರ್‌ದಾಗ ಯಾವ ದಿನಾಚರಣಿ ಐತ್ರಿ ಮೇಡಂ?"

ಇನ್ನು ಅರ್ಥ್ ಅವರ್. 2007ರಲ್ಲಿ ಸಿಡ್ನಿಯಲ್ಲಿ ಶುರುವಾಗಿದ್ದು. ಮಾರ್ಚ್ ಕೊನೆಗೆ ಒಂದು ಶನಿವಾರ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ದೀಪ ಆರಿಸಬೇಕು. ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲೂ ಮೆಸೇಜ್ ಬಂತು, ನಾನೂ ಆರಿಸಿದೆ. ನಾಲ್ಕು ಎಲ್‌ಇಡಿ ಬಲ್ಬು, ಒಂಬತ್ತು ವ್ಯಾಟಿನವು. ಫ್ಯಾನ್ ಆರಿಸಲಿಲ್ಲ, ಮಾರ್ಚ್ ತಿಂಗಳ ವಿಜಯಪುರ, ಸುಳ್ಳು ಯಾಕೆ ಹೇಳಲಿ. ಕತ್ತಲಲ್ಲಿ ಕೂತು ಲೆಕ್ಕ ಹಾಕಿದೆ: 36 ವ್ಯಾಟ್, ಒಂದು ತಾಸು, ಅಂದರೆ 0.036 ಯೂನಿಟ್. ಪಕ್ಕದ ಮನೆಯವರೂ ದೀಪ ಆರಿಸಿದ್ದರು, ಆದರೆ ಅವರ ಒಂದೂವರೆ ಟನ್ನಿನ ಎಸಿ ಮಾತ್ರ ಗುಂಯ್ ಅಂತಿತ್ತು. ಅದು ತಾಸಿಗೆ ಒಂದೂವರೆ ಯೂನಿಟ್ ತಿಂದರೂ ನಾನು ಉಳಿಸಿದ್ದಕ್ಕಿಂತ 40 ಪಟ್ಟು ಆಯಿತು. ಅತ್ತ ಕೂಡಗಿಯ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕ, ಮೂರೂ ಪೂರ್ತಿ ಓಡಿದರೆ ಆ ಒಂದು ತಾಸಿಗೆ 24 ಲಕ್ಷ ಯೂನಿಟ್. ಕಲ್ಲಿದ್ದಲು ಸುಟ್ಟು.

ಅರ್ಥ್ ಅವರ್ ನಡೆಸುವವರೂ ಇದು ಕರೆಂಟ್ ಉಳಿಸೋಕಲ್ಲ, ಸಂಕೇತ ಅಂತಲೇ ಹೇಳೋದು, ಒಪ್ಪಿದೆ. ನನ್ನ ಹೊಟ್ಟೆಯುರಿ ಬೇರೆ. ಒಂಬತ್ತೂವರೆಗೆ ದೀಪ ಹಾಕಿದಾಗ ನನಗೇ ಏನೋ ಪುಣ್ಯ ಕಟ್ಟಿಕೊಂಡ ಹಾಗೆ ಅನ್ನಿಸಿತು. ಸಂಕ್ರಾಂತಿಗೆ ಕೂಡಲಸಂಗಮದಲ್ಲಿ ಮುಳುಗಿ ಎದ್ದರೆ ವರ್ಷದ ಬಾಕಿ ಚುಕ್ತಾ ಆದ ಹಾಗೆ ಅನ್ನಿಸುತ್ತಲ್ಲ, ಹಾಗೆ. ಹಾಗೆ ಅನ್ನಿಸಿತಲ್ಲ, ಅದೇ ನನಗೆ ಸೇರಲಿಲ್ಲ.

ಈ ಮಾತನ್ನು ಊರಲ್ಲಿ ಕಾಕಾನ ಮುಂದೆ ತೆಗೆದೆ. ಬಬಲೇಶ್ವರದ ಕಡೆ ನಮ್ಮ ಹೊಲ. ಕಾಕಾ ಬಿದ್ದು ಬಿದ್ದು ನಕ್ಕ. "ಒಂದ್ ತಾಸು ದೀಪ ಆರಿಸಿದ್ರ ಭೂಮಿಗೇನ್ ತಿಳೀತೈತಿ ಯವ್ವಾ?" ನನಗೂ ಸಿಟ್ಟು ಬಂತು, "ಮತ್ತ ಎಳ್ಳಅಮಾವಾಸ್ಯಿಗೆ ನೀ ಚರಗ ಚೆಲ್ಲತಿಯಲ್ಲ ಕಾಕಾ, ಭೂಮಿ ಹೊಟ್ಟಿ ತುಂಬತೈತೇನು?" ಅಂದೆ. (ಚರಗ ಅಂದರೆ ಭೂಮಿತಾಯಿಗೆ ಅಂತ ಹೊಲದ ತುಂಬ ಚೆಲ್ಲುವ ಅಡುಗೆ.) ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತ. ಆಮೇಲೆ ಅಂದ: "ಇಲ್ಲ ಬಿಡು. ಆದ್ರ ಅವತ್ತರೆ ಮನಿ ಮಂದಿ ಎಲ್ಲಾ ಹೊಲಾ ಸುತ್ತತೀರಿ. ಯಾವ ಒಡ್ಡು ಒಡದೈತಿ, ಕಡ್ಲಿಗೆ ಹುಳಾ ಬಿದ್ದೈತೋ ಇಲ್ಲೋ, ಎಲ್ಲಾರ ಕಣ್ಣಿಗೆ ಬೀಳತೈತಿ. ಮರುದಿನ ನಾ ಸಲಿಕಿ ತಗೊಂಡು ಹೋಗತೀನಿ."

ಮರುದಿನದ ಸಲಿಕೆ ನನಗೆ ಹಿಡಿಸಿತು. ಚರಗವೂ ಸಂಕೇತವೇ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಪೂಜೆ ಮಾಡಿ, ಒಬ್ಬರು ಮುಂದೆ ಚರಗ ಚೆಲ್ಲುತ್ತಾ ಹೋದರೆ ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ಬರುತ್ತಾರೆ. ಆದರೆ ಅದರ ಹಿಂದೆ ಮುಂದೆ 364 ದಿನದ ದುಡಿಮೆ ಇದೆ. ನಮ್ಮ ಆಫೀಸಿನ ಜೂನ್ 5ರ ಹಿಂದೆ ಮುಂದೆ ಏನಿತ್ತು? ಉಪ್ಪಿಟ್ಟು, ಚಹಾ.

ಹಾಗಂತ ಸಂಕೇತ ಅಂದರೆ ಎಲ್ಲ ಬೂಟಾಟಿಕೆ ಅನ್ನೋರ ಜೊತೆಗೂ ನಾನಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಕಡೆ ಸಲ್ಕಣಿಯ ಕಾಡಿನಲ್ಲಿ ಜನ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ. ಅಪ್ಪಿಕೊಳ್ಳೋದು ಸಂಕೇತ ಅಲ್ದೆ ಮತ್ತೇನು? ಆದರೆ ಅಲ್ಲಿ ಎದುರಿಗೆ ಕೊಡಲಿ ಹಿಡಿದವರು ಇದ್ದರು. ಅಪ್ಪಿಕೊಂಡವರು ಫೋಟೋ ತೆಗೆಸಿಕೊಂಡು ಮನೆಗೆ ಹೋಗಿಬಿಟ್ಟಿದ್ದರೆ ಮರ ಉರುಳುತ್ತಿತ್ತು, ಅಷ್ಟೇ. ಸಾಲುಮರದ ತಿಮ್ಮಕ್ಕನ 385 ಆಲದ ಮರವನ್ನು ಎಲ್ಲರೂ ಎಣಿಸುತ್ತೇವೆ, ಅದಕ್ಕೆ ಹೊತ್ತ ನೀರಿನ ಕೊಡಗಳನ್ನು ಎಣಿಸಿದವರು ಯಾರು?

ಬಟ್ಟೆ ಚೀಲದ ಬಗ್ಗೆ ಒಂದೇ ಮಾತು. ಮದುವೆ, ಗೃಹಪ್ರವೇಶ, ಸೆಮಿನಾರು ಅಂತ ನಮ್ಮ ಮನೆಯಲ್ಲಿ ಇಂಥ ಚೀಲ 19 ಸೇರಿವೆ (ನಿನ್ನೆ ಎಣಿಸಿದೆ). ಅದರಲ್ಲಿ 14 ಬಟ್ಟೆಯೇ ಅಲ್ಲ. ನಾನ್ ವೋವನ್ ಅಂತಾರಲ್ಲ, ಮುಟ್ಟಿದರೆ ಬಟ್ಟೆ ಥರ ಇರುತ್ತೆ, ಅದು ಪಾಲಿಪ್ರೊಪಿಲೀನ್, ಪಕ್ಕಾ ಪ್ಲಾಸ್ಟಿಕ್. ಅದರ ಮೇಲೆ ಹಸಿರು ಎಲೆಯ ಚಿತ್ರ ಬೇರೆ. ನಮ್ಮಜ್ಜಿಗೆ ಇದ್ದದ್ದು ಒಂದೇ ಕೈಚೀಲ, ಹಳೇ ಧೋತರ ಹೊಲಿದಿದ್ದು, ಸಂತೆಯಿಂದ ಬಂದ ಮೇಲೆ ಬಾಗಿಲ ಹಿಂದಿನ ಮೊಳೆಗೆ ಹೋಗುತ್ತಿತ್ತು. ಈಗ ಮನೆತುಂಬ ಚೀಲ, ಮಾರ್ಕೆಟ್ಟಿಗೆ ಹೋಗುವಾಗ ಕೈ ಖಾಲಿ. 2022ರ ಜುಲೈ 1ಕ್ಕೆ ಒಂದೇ ಸಲ ಬಳಸುವ ಕೆಲವು ಪ್ಲಾಸ್ಟಿಕ್ ವಸ್ತು ದೇಶದಲ್ಲೇ ಬಂದಾದಾಗ ಸ್ವಲ್ಪ ದಿನ ಕಾಯಿಪಲ್ಲೆಯವಳು "ಚೀಲ ತಂದೀರೇನ್ರಿ ಅಕ್ಕಾರ?" ಅಂತ ಕೇಳುತ್ತಿದ್ದಳು. ಈಗ ಕೇಳಲ್ಲ. ಬುಟ್ಟಿ ಕೆಳಗಿಂದ ತೆಳ್ಳನೆ ಚೀಲ ತೆಗೆದು ಊದಿ ಬಿಡಿಸುತ್ತಾಳೆ. ಅವಳನ್ನು ಬೈಯೋಕೆ ನನಗೆ ಬಾಯಿಲ್ಲ, ಚೀಲ ಕೊಡದಿದ್ದರೆ ನಾನೇ ಪಕ್ಕದವಳ ಹತ್ತಿರ ಹೋಗುತ್ತೇನೆ.

ಹೋದ ವರ್ಷ ಆಫೀಸಿನಲ್ಲಿ ಜಗಳಾಡಿ ಒಂದು ಕೆಲಸ ಮಾಡಿದೆ. ಜೂನ್ 5ಕ್ಕೆ ಬೇಕಾದರೆ ಫೋಟೋ ತೆಗೆಸಿಕೊಳ್ಳಿ, ಗಿಡ ಸೆಪ್ಟೆಂಬರ್‌ನಲ್ಲಿ, ಅದೂ ಬೇಸಿಗೆ ಮುಗಿಯೋವರೆಗೆ ವಾರಕ್ಕೆರಡು ಸಲ ಒಂದೊಂದು ಬಕೆಟ್ ನೀರು ಹಾಕ್ತೀನಿ ಅಂತ ಹೆಸರು ಬರೆಸಿದವರ ಲೆಕ್ಕಕ್ಕೆ ಮಾತ್ರ ಅಂದೆ. ಜೂನಿನ ಫೋಟೋಕ್ಕೆ 26 ಜನ ನಿಂತಿದ್ದರು. ನೀರಿನ ಪಟ್ಟಿಗೆ ಬಂದ ಹೆಸರು ಒಂಬತ್ತು. ಒಂಬತ್ತೇ ಗಿಡ ನೆಟ್ಟೆವು, ಎಲ್ಲಾ ಹೊಂಗೆ, ಬೇವು. 'ಇಷ್ಟೇ ಏನ್ರಿ?' ಅಂತ ನಕ್ಕವರೂ ಇದ್ದರು. ಆ ಸಲ ಚೀಲ ಮಾತ್ರ ನಾನೇ ಒಂದೊಂದಾಗಿ ಬ್ಲೇಡಿನಿಂದ ಕೊಯ್ದೆ.

ಮೇ ತಿಂಗಳು ದಾಟಿದಾಗ ಆರು ಉಳಿದಿದ್ದವು. ಎರಡು ಒಣಗಿದವು, ಅವುಗಳ ಮಾಲೀಕರು ಈಗ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಾರೆ. ಒಂದನ್ನು ವಾಚ್‌ಮನ್ನರ ಆಡು ತಿಂದಿತು. ನನ್ನದೇ ಅದು. ಮೊನ್ನೆ ಅದರ ಬುಡದಲ್ಲಿ ಎರಡು ಚಿಗುರು ಕಂಡಿವೆ, ವಾಚ್‌ಮನ್ನರು ನಾಚಿಕೊಂಡು ಸುತ್ತಲೂ ಜಾಲಿ ಮುಳ್ಳು ಕಟ್ಟಿಕೊಟ್ಟಿದ್ದಾರೆ.